ಹೆಗಲಿನ ಅಳತೆ

“ಕಣ್ಣು ಮುಚ್ಚಿ ಅಂದ್ರೆ ಪೂರ್ತಿ ಮುಚ್ಚಬೇಕು ಸಾರ್. ಕಳ್ಳಗಣ್ಣಲ್ಲಿ ನೋಡಿದ್ರೆ ಲೆಕ್ಕಕ್ಕಿಲ್ಲ.”

ಇನ್ಸ್‌ಪೆಕ್ಟರ್ ಹಾಗೆಂದ ಮೇಲೆ ವಕೀಲರ ತಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅವನ ಕೈಯಲ್ಲಿದ್ದದ್ದು ಅವನದೇ ಹಳೆಯ ಮಿಲಿಟರಿ ರೈಫಲ್. ಹೋದ ವಾರ ಬೆಳಿಗ್ಗೆ ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದ ಅವನ ಅಣ್ಣನನ್ನು, ಕೋರ್ಟಿನಲ್ಲಿ ಹೆಸರು ಮಾಡಿದ್ದ ಆ ವಕೀಲರನ್ನು, ಕೊಂದದ್ದು ಇದೇ ರೈಫಲ್ಲಿನ ಒಂದೇ ಗುಂಡು. ಆಮೇಲೆ ಅದು ಸಿಕ್ಕಿದ್ದು ತೋಟದ ಹಿಂದಿನ ಚರಂಡಿಯಲ್ಲಿ.

“ಹೆಗಲಿಗೆ ಇಡಿ. ಕೆನ್ನೆ ಬಂದೂಕಿನ ಮರಕ್ಕೆ ಒತ್ತಿ. ಆಯ್ತಾ? ಈಗ ಕಣ್ಣು ಬಿಡಿ. ಏನು ಕಾಣ್ತಿದೆ?”

“ಗುರಿ ನೋಡೋ ಹಿಂದಿನ ಕಿಂಡಿ ಕಾಣ್ತಿದೆ.”

“ಕಿಂಡಿಯೊಳಗೆ ನಳಿಗೆ ತುದಿಯ ಮೊನೆ?”

“ಮೊನೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಅಲ್ದೆ ನನ್ನ ಹೆಬ್ಬೆರಳು ಮೂಗಿಗೆ ತಾಗ್ತಿದೆ.”

ಬಂದೂಕು ರಿಪೇರಿ ಅಂಗಡಿಯ ಕಿಟಕಿಯ ಪಕ್ಕದ ಸ್ಟೂಲಿನಿಂದ ಉಳಿಯಕ್ಕನ ಅಪ್ಪ ನಕ್ಕ. ಅಪ್ಪನಿಗೆ ಕಣ್ಣು ಕಾಣದು. ಮಾತು ಕೇಳಿಯೇ ಚಿತ್ರ ಬಿಡಿಸಿಕೊಳ್ಳುತ್ತಿದ್ದ. “ಉದ್ದ ಆಳು, ಗಿಡ್ಡ ಮರ. ಈ ಸಾಹೇಬ್ರು ಇದರಲ್ಲಿ ಗುಂಡು ಹೊಡೆದಿದ್ರೆ ಮೊದಲು ಅವರ ಮೂಗೇ ನೆಲಕ್ಕೆ ಬೀಳೋದು.”

ವಕೀಲರ ತಮ್ಮನಿಗೆ ನಗು ಬರಲಿಲ್ಲ. ರೈಫಲ್ ಇಳಿಸಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ನಾನು ಹೇಳಿದ್ದನ್ನೇ ಹೇಳ್ತಿದೀನಿ. ರಿಪೇರಿ ಆದ್ಮೇಲೆ ಇಲ್ಲಿಂದ ತಗೊಂಡು ಹೋಗಿ ಕಾರ್ ಶೆಡ್ಡಲ್ಲಿಟ್ಟಿದ್ದೆ. ಗೋಡೆಗೆ ಮೊಳೆ ಹೊಡೆಸಿ ನೇತುಹಾಕೋಣ ಅಂತ. ರೈಫಲ್ಲಿನ ಬೆಲ್ಟ್ ಮರೆತಿದ್ದೀರಿ ಅಂತ ಉಳಿಯಕ್ಕನ ಯಜಮಾನ್ರು ಮನೆಗೇ ತಂದುಕೊಟ್ಟಾಗ್ಲೂ ಅಲ್ಲೇ ಇತ್ತು. ಬೇಕಾದ್ರೆ ಅವರನ್ನೇ ಕೇಳಿ. ಆಮೇಲೆ ಯಾರೋ ಕದ್ದಿದ್ದಾರೆ.”

“ಕದ್ದಿದ್ದಾರೆ ಅಂತ ನೀವು ದೂರು ಕೊಟ್ಟಿದ್ದು ಅಣ್ಣ ಸತ್ತ ಮೇಲೆ.”

“ದಿನಾ ಶೆಡ್ಡಿಗೆ ಹೋಗಿ ಎಣಿಸ್ತಾರಾ ಸಾರ್ ಯಾರಾದ್ರೂ?”

ಇನ್ಸ್‌ಪೆಕ್ಟರ್ ಅವನ ಕೈಯಿಂದ ರೈಫಲ್ ತೆಗೆದುಕೊಂಡರು. ರೈಫಲ್ಲಿನ ಬೋಲ್ಟನ್ನು ಬಿಚ್ಚಿ ಅವರು ತಮ್ಮ ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದರು. ಓಡಾಡಿದಾಗೆಲ್ಲ ಅದು ಬೀಗದ ಕೈಗೊಂಚಲಿಗೆ ತಾಗಿ ಸದ್ದು ಮಾಡುತ್ತಿತ್ತು. ಬೋಲ್ಟಿಲ್ಲದ ಬಂದೂಕು ದೊಣ್ಣೆಗೆ ಸಮ. ಆದರೂ ಅದು ಕೈ ಬದಲಾದಾಗೆಲ್ಲ ಕೋಣೆಯಲ್ಲಿ ಇದ್ದವರೆಲ್ಲ ನಳಿಗೆಯ ದಿಕ್ಕಿನಿಂದ ಸರಿದು ನಿಲ್ಲುತ್ತಿದ್ದರು.

ಮರ ಕಚ್ಚಿ ಹಿಡಿಯುವ ಬೈಸಿನ ಹಿಂದೆ ನಿಂತಿದ್ದ ಅವಳು ಮಾತ್ರ ಸರಿಯಲಿಲ್ಲ. ಬೀದಿಯವರೆಲ್ಲ ಉಳಿಯಕ್ಕ ಎನ್ನುತ್ತಿದ್ದದ್ದು ಅವಳನ್ನೇ. ಬಂದೂಕಿನ ಮರದ ಕೆಲಸಕ್ಕೆ ಪರವಾನಗಿ ಇದ್ದ ಅಂಗಡಿ ಊರಿಗೆಲ್ಲ ಇದೊಂದೇ. ಅಪ್ಪನ ಕಣ್ಣು ಹೋದ ಮೇಲೆ ಕೆಲಸ ಪೂರ್ತಿ ಅವಳದೇ. ಸರಿಯದೆ ನಿಂತದ್ದು ಧೈರ್ಯದಿಂದಲ್ಲ. ಹೆದರಿಕೆ ಹೊರಗೆ ಕಾಣದಿರಲಿ ಎಂದು ಕೆಲಸದ ಮೇಜಿಗೆ ಒರಗಿದ್ದಳು.

ಇನ್ಸ್‌ಪೆಕ್ಟರ್ ಬಂದ ಕೂಡಲೇ ಹೇಳಿದ ಮಾತು ಅವಳ ತಲೆಯಲ್ಲೇ ಸುತ್ತುತ್ತಿತ್ತು. “ಹೊಡೆದಿರೋದು ರಸ್ತೆಯಾಚೆಯ ನೀರಿನ ಟ್ಯಾಂಕಿನ ಮೇಲಿಂದ. ಅಷ್ಟು ದೂರ, ಒಂದೇ ಗುಂಡು. ಮರ ಮೈಗೆ ಕೂರದೇ ಇದ್ದೋನು ಆ ಏಟು ಹೊಡೆಯೋಕಾಗಲ್ಲ. ಇದರ ಹಿಂಭಾಗ ಹೊಸದು. ಸೈನ್ಯದ ಅಳತೆಯಲ್ಲ, ಯಾರೋ ಒಬ್ಬರ ಅಳತೆಗೆ ಮಾಡಿರೋದು. ಯಾರ ಮೈಗೆ ಕೂರುತ್ತೋ, ಅವರು ನನಗೆ ಬೇಕು.”

ಯಾರ ಮೈಗೆ ಕೂರುತ್ತದೆಂದು ಅವಳಿಗೆ ಗೊತ್ತಿತ್ತು.

ರೈಫಲ್ ರಿಪೇರಿಗೆ ಬಂದಾಗ ಅದರ ಮರ ಕುತ್ತಿಗೆಯ ಹತ್ತಿರ, ಅಂದರೆ ಗುಂಡು ಹಾರಿಸಲು ಕುದುರೆ ಎಳೆಯುವ ಕೈ ಹಿಡಿಯುವಲ್ಲಿ, ಸೀಳಿತ್ತು. ಹಿಂತುದಿ ಹಳೆಯ ಎಣ್ಣೆ ಕುಡಿದು ಕೊಳೆತು, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಸೀಳಿಗೆ ಅಂಟು ತುಂಬಿ, ಒಳಗೆ ಕಣ್ಣಿಗೆ ಕಾಣದಂತೆ ಹಿತ್ತಾಳೆಯ ಕಡ್ಡಿ ಕೂಡಿಸಿದಳು. ಕೊಳೆತದ್ದನ್ನು ಕೊಯ್ದು ಹೊಸ ಅಕ್ರೋಟ್ ಮರ ಜೋಡಿಸಿದಳು. ಮೂಲದ ಉದ್ದ ಎಷ್ಟೆಂದು ಹೇಳಲು ಹಳೆಯ ತುದಿಯೇ ಉಳಿದಿರಲಿಲ್ಲ. ಅಳತೆ ಕೇಳಿದ್ದಕ್ಕೆ ವಕೀಲರ ತಮ್ಮ ಕೈಯಾಡಿಸಿ, “ಗೋಡೆಗೆ ಹಾಕೋದು, ಚಂದ ಕಂಡ್ರೆ ಸಾಕು” ಎಂದಿದ್ದ.

ಅಪ್ಪನ ಅಂಗಡಿಯಲ್ಲಿ ಅದು ನಡೆಯುವಂಥದ್ದಲ್ಲ. “ಗೋಡೆಗಾಗ್ಲಿ ಗುಡಾಣಕ್ಕಾಗ್ಲಿ, ಮರ ಯಾರ ಮೈಗಾದ್ರೂ ಕೂರಬೇಕು” ಎಂದು ಅಪ್ಪ ಅವಳು ಉಳಿ ಹಿಡಿದ ದಿನದಿಂದ ಹೇಳುತ್ತಿದ್ದ. “ಗಿರಾಕಿ ಮೈ ಕೊಡದಿದ್ರೆ ನಿನ್ನ ಮೈ ಕೊಡು. ಯಾರದ್ದೂ ಅಲ್ಲದ ಅಳತೆ ಹೆಣದ ಅಳತೆ.”

ಅವಳು ತನ್ನ ಮೈ ಕೊಟ್ಟಿದ್ದಳು. ತನ್ನ ತೋಳಿನ ಉದ್ದಕ್ಕೆ ಮರ ಕೊಯ್ದಿದ್ದಳು. ಎಡಪಕ್ಕವನ್ನು ತನ್ನ ಬಲಗೆನ್ನೆಗೆ ಕೂರುವಷ್ಟು ಸವರಿದ್ದಳು. ಕಣ್ಣು ಮುಚ್ಚಿ ಹೆಗಲಿಗಿಟ್ಟು ತೆರೆದರೆ ಕಿಂಡಿಯ ನಡುವೆ ಮೊನೆ ನೇರ ಎದ್ದು ನಿಲ್ಲುವವರೆಗೆ ಬಿಟ್ಟಿರಲಿಲ್ಲ. ಆ ದಿನ ಅದು ಹೆಮ್ಮೆಯ ವಿಷಯ. ಈವತ್ತು ಅದೇ ನೇಣಿನ ಕುಣಿಕೆ.

ಎರಡನೆಯವನು ವಕೀಲರ ಮಗ. ಮೈ ತುಂಬಿದವನು. ತಂದೆ ಸತ್ತಾಗಿನಿಂದ ಸರಿಯಾಗಿ ಮಲಗಿರದ ಮುಖ. ರೈಫಲ್ ಕೈಗೆ ಬರುವ ಮೊದಲೇ ಬಲ ಹೆಗಲನ್ನು ಎಡಗೈಯಿಂದ ಉಜ್ಜಿಕೊಂಡ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ” ಎಂದರು ಇನ್ಸ್‌ಪೆಕ್ಟರ್, ನಗದೆ.

“ನೋವಿದೆ ಸಾರ್. ಮಲಗಿದ್ದು ಸರಿ ಆಗಿಲ್ಲ.”

“ರೈಫಲ್ ಒದ್ರೂ ಅಲ್ಲೇ ನೋವಾಗುತ್ತೆ. ಹಿಡೀರಿ.”

ಹುಡುಗನ ಕೆನ್ನೆ ಮರದ ಮೇಲೆ ಹಿಟ್ಟಿನ ಮುದ್ದೆಯಂತೆ ಹರಡಿಕೊಂಡಿತು. ಕನ್ನಡಕ ಹುಬ್ಬಿಗೇರಿತು. ಕಣ್ಣು ತೆರೆದವನು, “ಆಕಾಶ ಕಾಣ್ತಿದೆ” ಎಂದ. ಅಲ್ಲಿದ್ದದ್ದು ಅಂಗಡಿಯ ತಗಡಿನ ಛಾವಣಿ.

ಇನ್ಸ್‌ಪೆಕ್ಟರ್ ಬಗ್ಗಿ, ಪಕ್ಕದಿಂದ, ಹಿಂದಿನಿಂದ, ಹುಡುಗನ ಕಣ್ಣಿಗೂ ಕಿಂಡಿಗೂ ನಡುವೆ ತಮ್ಮ ಬೆರಳು ಹಿಡಿದು ನೋಡಿದರು. ನಾಟಕವಾಡಿದರೆ ಹಿಡಿಯುವಂಥ ನೋಟ. ಕೊನೆಗೆ ತಲೆಯಾಡಿಸಿ, “ಇಬ್ರೂ ಹೊರಗೆ ಜೀಪಿನ ಹತ್ತಿರ ಇರಿ” ಎಂದು ಕಳಿಸಿದರು.

ಅರ್ಧ ಎಳೆದ ಷಟರ್ ಕೆಳಗಿನಿಂದ ಇಬ್ಬರೂ ತಲೆ ಬಗ್ಗಿಸಿ ಆಚೆ ಹೋದರು. ಮಧ್ಯಾಹ್ನದ ಬಿಸಿಲು ಅವರ ಪಾದದವರೆಗೆ ಬಂದು ನಿಂತಿತ್ತು. ಮೇಲಿನ ಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು. ಗಂಡ ಟೀಗೆ ನೀರಿಡುತ್ತಿದ್ದಾನೆ.

“ಈಗ ನೀವು” ಎಂದರು ಇನ್ಸ್‌ಪೆಕ್ಟರ್.

“ನಾನಾ?”

“ಒಂದ್ಸಲ ಅಷ್ಟೇ ಅಕ್ಕ. ಇದು ನಿಮ್ಮ ಕೈಯಲ್ಲಿ ತಿಂಗಳುಗಟ್ಟಲೆ ಇತ್ತು. ನಾನು ಯಾರನ್ನೂ ಬಿಡಲ್ಲ. ನಮ್ಮ ಪೇದೆ ಕೈಲೂ ಸ್ಟೇಷನ್ನಲ್ಲೇ ಹಿಡಿಸಿ ನೋಡಿದೀನಿ.”

“ಹಿಡಿಯಮ್ಮಾ, ಭಯ ಯಾಕೆ?” ಎಂದ ಅಪ್ಪ. ಪಾಪ, ಮಗಳು ಯಾರ ಮೈಯ ಅಳತೆ ಹಾಕಿದಳೆಂದು ಅವನೊಮ್ಮೆಯೂ ಕೇಳಿರಲಿಲ್ಲ. ಅಥವಾ ಕೇಳಬೇಕಾದ ಅಗತ್ಯವೇ ಇರಲಿಲ್ಲವೋ ಏನೋ.

ರೈಫಲ್ ಅವಳ ಕೈಗೆ ಬಂತು. ತೂಕ ಗೊತ್ತಿದ್ದ ತೂಕವೇ. ಮುಖ ಸ್ವಲ್ಪ ಓರೆ ಮಾಡಲೇ? ಹೆಗಲು ಒಂದು ಬೆರಳು ಹಿಂದಕ್ಕೆ ಎಳೆದುಕೊಳ್ಳಲೇ? ಇನ್ಸ್‌ಪೆಕ್ಟರ್ ಕಣ್ಣು ಅವಳ ಕೆನ್ನೆಯ ಮೇಲೇ ಇತ್ತು. ಮೋಸ ಮಾಡಿದರೆ ಈಗಲೇ ಸಿಕ್ಕಿಬೀಳುತ್ತೇನೆ, ಮಾಡದಿದ್ದರೆ ಇನ್ನು ಅರೆಗಳಿಗೆಗೆ.

ಕಣ್ಣು ಮುಚ್ಚಿದಳು. ಹೆಗಲಿಗೆ ತಂದಳು. ಕೆನ್ನೆ ಇಟ್ಟಳು.

ಬಟ್ಟೆಯ ಮಡಿಕೆಗೆ ಸಿಕ್ಕಿ ಮರ ತಡವರಿಸಿತು. ಅವಳ ಕೆಲಸ ಹಾಗೆ ತಡವರಿಸುವಂಥದ್ದಲ್ಲ. ಕೆನ್ನೆ ಕೂತದ್ದು ತಾನು ಸವರಿದ ಜಾಗಕ್ಕಿಂತ ಹಿಂದೆ. ಕಣ್ಣು ತೆರೆದಳು.

ಕಿಂಡಿ ಖಾಲಿಯಾಗಿತ್ತು. ಮೊನೆ ಅದರ ಅಂಚಿನಿಂದಾಚೆ ಎಲ್ಲೋ ಮುಳುಗಿತ್ತು.

“ಏನು ಕಾಣ್ತಿದೆ?”

“ಮೊನೆ ಇಲ್ಲ” ಎಂದಳು. ಮತ್ತೆ ಹೆಗಲಿಗಿಟ್ಟು ನೋಡಿದಳು. “ಇಲ್ಲ. ಸಾರ್, ಇದು ನನಗೆ ಕೂರ್ತಿಲ್ಲ!”

ಇನ್ಸ್‌ಪೆಕ್ಟರ್ ಬೆರಳು ಹಿಡಿದು ನೋಡಿ ತಾವೂ ಒಪ್ಪಿದರು. ಆಮೇಲೆ ಕೇಳಿದರು: “ಕೂರ್ತಿಲ್ಲ ಅನ್ನೋದು ನಿಮಗೆ ಇಷ್ಟೊಂದು ಆಶ್ಚರ್ಯ ಯಾಕೆ?”

ಎದೆಯ ಮೇಲಿನ ಬಂಡೆ ಇಳಿದವರು ಮಾತು ತೂಗುವುದಿಲ್ಲ. ಅವಳೂ ತೂಗಲಿಲ್ಲ. “ನನ್ನ ಮೈಗೇ ಮಾಡಿದ್ದು ಸಾರ್! ಅಳತೆ ಕೊಡೋರು ಇಲ್ದಿದ್ರೆ ನಮ್ಮ ಮೈಗೇ ಮಾಡೋದು ನಮ್ಮಲ್ಲಿ ಪದ್ಧತಿ. ನೀವು ಆ ಮಾತು ಹೇಳಿದಾಗಿಂದ ನನ್ನ ಜೀವ ನನ್ನ ಕೈಲಿರಲಿಲ್ಲ. ಈಗ ಇದು ಉದ್ದ ಆಗಿದೆ. ಒಂದು ಅರ್ಧ ಬೆರಳು. ಇಲ್ಲಿಂದ ಹೋದ ಮೇಲೆ ಯಾರೋ ಮುಟ್ಟಿದ್ದಾರೆ.”

“ಮರ ಉದ್ದ ಆಗೋದು ಹೇಗೆ?”

“ಹೆಗಲಿಗೆ ಒತ್ತೋ ಹಿಂದಿನ ಹಿತ್ತಾಳೆ ಪಟ್ಟಿ ಬಿಚ್ಚಿ, ಅದರಡಿಗೆ ಮರದ ಚಕ್ಕೆ ಕೊಟ್ರೆ ಆಗುತ್ತೆ.” ಎನ್ನುತ್ತ ರೈಫಲ್ ತಿರುಗಿಸಿದವಳು ತಡೆದಳು. “ಇಲ್ಲ, ಬಿಚ್ಚಿಲ್ಲ ಸಾರ್. ನೋಡಿ. ಸ್ಕ್ರೂ ನಾನು ಬಿಟ್ಟ ಹಾಗೇ ಇದೆ.”

ಪಟ್ಟಿಯ ಮೇಲೊಂದು, ಕೆಳಗೊಂದು ಸ್ಕ್ರೂ. ಎರಡರ ತಲೆಯ ಗೀರೂ ಪಟ್ಟಿಯ ಉದ್ದಕ್ಕೆ, ಎಳೆದ ಗೆರೆಯಂತೆ ಒಂದೇ ಸಾಲಿನಲ್ಲಿ ನಿಂತಿದ್ದವು.

“ಎಲ್ಲರೂ ಸ್ಕ್ರೂ ಬಿಗಿ ಆದಲ್ಲಿ ಬಿಟ್ಟುಬಿಡ್ತಾರೆ. ಗೀರು ಅಡ್ಡಾದಿಡ್ಡಿ ನಿಲ್ಲುತ್ತೆ. ನಮ್ಮ ಅಪ್ಪನಿಗೆ ಅದು ಆಗಲ್ಲ. ಸ್ಕ್ರೂ ಕೂರೋ ಗುಳಿಯನ್ನೇ ತಿದ್ದಿ ತಿದ್ದಿ, ಬಿಗಿಯಾದಾಗ ಗೀರು ನೇರ ನಿಲ್ಲೋ ಹಾಗೆ ಮಾಡಿಸ್ತಾನೆ. ನೇರ ನಿಲ್ಲದಿದ್ರೆ ನನಗೆ ಊಟ ಹಾಕ್ತಿರಲಿಲ್ಲ.”

“ಊಟ ಹಾಕ್ತಿದ್ದೆ. ಸಾರು ಹಾಕ್ತಿರಲಿಲ್ಲ” ಎಂದ ಅಪ್ಪ.

“ಈ ಊರಲ್ಲಿ ಹಾಗೆ ಹಾಕೋರು ಇನ್ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಇನ್ಯಾರೂ ಇಲ್ಲ. ಅಪ್ಪನಿಗೆ ಈಗ ಕಣ್ಣಿಲ್ಲ. ನಮ್ಮನೆಯವರಿಗೆ ಕೈಯಿಲ್ಲ. ಉಳಿದವಳು ನಾನೊಬ್ಬಳೇ.”

“ಬಿಚ್ಚಿ ನೋಡೋಣ.”

ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದಳು. ಎರಡೂ ಸ್ಕ್ರೂ ಸಲೀಸಾಗಿ ಬಂದವು, ಈಚೆಗೆ ಮೇಣ ಹಚ್ಚಿ ಹಾಕಿದವುಗಳಂತೆ. ಪಟ್ಟಿ ಎತ್ತಿದಳು.

ಅಡಿಯಲ್ಲಿ ಒಂದು ಅಕ್ರೋಟ್ ಚಕ್ಕೆ ಇತ್ತು.

ಅವಳ ನೋಟ ತಾನಾಗಿ ಮೂಲೆಯ ಅಟ್ಟಣಿಗೆಗೆ ಹೋಯಿತು. ರೈಫಲ್ಲಿಗೆ ಕೊಯ್ದು ಮಿಕ್ಕಿದ್ದ ಅಕ್ರೋಟ್ ತುಂಡನ್ನು, ಅಪ್ಪನ ಊರುಗೋಲಿಗೆ ಹಿಡಿ ಮಾಡೋಣ ಎಂದು ಅವಳೇ ಅಲ್ಲಿ ಎತ್ತಿಟ್ಟಿದ್ದಳು. ತುಂಡು ಅಲ್ಲೇ ಇತ್ತು. ಅದರ ಒಂದು ತುದಿ ಮಾತ್ರ ಹೊಸದಾಗಿ ಕೊಯ್ದ ಬಣ್ಣದಲ್ಲಿ ಮಿಂಚುತ್ತಿತ್ತು.

ಚಕ್ಕೆ ಕಡಿದದ್ದು ಹೊರಗೆಲ್ಲೂ ಅಲ್ಲ. ಈ ಮೇಜಿನ ಮೇಲೆ, ಈ ಬೈಸಿನಲ್ಲಿ.

“ಕೊಡು ಇಲ್ಲಿ” ಎಂದ ಅಪ್ಪ.

ಅವಳು ರೈಫಲ್ಲನ್ನು ಅವನ ತೊಡೆಯ ಮೇಲಿಟ್ಟಳು. ಅಪ್ಪನ ಹೆಬ್ಬೆರಳು ಚಕ್ಕೆಯ ಸುತ್ತ ನಿಧಾನ ಹರಿಯಿತು. ಮರಕ್ಕೂ ಚಕ್ಕೆಗೂ ನಡುವಿನ ಸಂದಿಯ ಮೇಲೆ ಒಮ್ಮೆ ಹೋಯಿತು, ಮತ್ತೆ ಬಂತು. ಕೆಲಸ ಕೆಟ್ಟಿದ್ದರೆ ಅಪ್ಪ ಬೈಯುತ್ತಿದ್ದ. ಚೆನ್ನಾಗಿದ್ದರೆ “ಹ್ಞೂಂ” ಎನ್ನುತ್ತಿದ್ದ. ಈ ಸಲ ಎರಡೂ ಇಲ್ಲ.

“ಏನಜ್ಜಾ?” ಇನ್ಸ್‌ಪೆಕ್ಟರ್ ಕೇಳಿದರು.

“ಮರ ಅಷ್ಟೇ” ಎಂದ ಅಪ್ಪ.

“ಯಾರೋ ಕಲಿತವನ ಕೆಲಸವೋ, ಅಡ್ಡಾದಿಡ್ಡಿ ಕೈಯೋ? ನನಗೆ ಅಷ್ಟು ಗೊತ್ತಾದ್ರೆ ಸಾಕು.”

ಅಪ್ಪ ರೈಫಲ್ಲನ್ನು ಮಗಳಿಗೆ ಮರಳಿಸಿದ. ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದರು. “ನೀವು ಹೇಳಿ. ಗೊತ್ತು ಮಾಡೋಕೆ ದಾರಿ ಇರುತ್ತಲ್ಲ?”

ಇತ್ತು. ಇಲ್ಲವೆನ್ನಲು ಅವಳಿಗೆ ತಕ್ಷಣ ಸುಳ್ಳು ಹೊಳೆಯಲಿಲ್ಲ. ದೀಪದ ಮಸಿಗೆ ಎಣ್ಣೆ ಕಲಸಿಟ್ಟ ಡಬ್ಬಿ ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ಈ ಕೆಲಸದಲ್ಲಿ ಕಬ್ಬಿಣಕ್ಕೂ ಮರಕ್ಕೂ ಮದುವೆ ಮಾಡಿಸುವ ಪುರೋಹಿತ ಆ ಮಸಿಯೇ. ಲೋಹಕ್ಕೆ ಮಸಿ ಬಳಿದು ಮರಕ್ಕೆ ಒತ್ತಬೇಕು. ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು. ಆ ಕಪ್ಪನ್ನು ಉಳಿಯಿಂದ ಕೆರೆದು ಮತ್ತೆ ಒತ್ತಬೇಕು, ಮರದ ಮೇಲೆಲ್ಲ ಕಪ್ಪು ಒಂದೇ ಸಮ ಹರಡುವವರೆಗೆ. ತಾಳ್ಮೆ ಇಲ್ಲದವನ ಕೆಲಸದಲ್ಲಿ ಮೂರು ನಾಲ್ಕು ಚುಕ್ಕೆ ಬೀಳುತ್ತವೆ, ಅಷ್ಟೇ.

ಬೆರಳಿನಿಂದ ಪಟ್ಟಿಯ ಒಳಮೈಗೆ ಮಸಿ ಸವರಿದಳು. ಗಡಿಬಿಡಿಯಲ್ಲಿ ಎರಡೂ ಅಂಗೈಗೆ ಮಸಿಯಾಯಿತು. ಪಟ್ಟಿಯನ್ನು ಚಕ್ಕೆಯ ಮೇಲೆ ಒತ್ತಿದಳು. ಚುಕ್ಕೆ ಬೀಳಲಿ, ಎಂದು ಮನಸ್ಸು ಬೇಡುತ್ತಿತ್ತು. ಯಾವನೋ ಬಡಗಿಯ ಅಡ್ಡಕಸುಬು ಆಗಿರಲಿ.

ಎತ್ತಿದಳು. ಚಕ್ಕೆ ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಗಿತ್ತು.

“ಕಲಿತ ಕೈ” ಎಂದರು ಇನ್ಸ್‌ಪೆಕ್ಟರ್.

ಅವಳು ಕೇಳಿಸಿಕೊಳ್ಳಲಿಲ್ಲ. ರೈಫಲ್ಲನ್ನು ಒತ್ತಿ ಹಿಡಿದಿದ್ದ ಅವಳ ಅಂಗೈ ಮರದ ಬಲಪಕ್ಕಕ್ಕೆ ತಾಗಿತ್ತು. ಅಲ್ಲೊಂದು ಹಳ್ಳ. ಕಣ್ಣಿಗೆ ಕಾಣದಷ್ಟು ಆಳವಿಲ್ಲದ, ಕೈಗೆ ಮಾತ್ರ ಗೊತ್ತಾಗುವ ಹಳ್ಳ. ಅವಳು ಸವರಿದ್ದು ಎಡಪಕ್ಕವನ್ನು, ಬಲಪಕ್ಕವನ್ನು ಮುಟ್ಟಿರಲಿಲ್ಲ. ಬಲಪಕ್ಕದಲ್ಲಿ ಕೆನ್ನೆ ಇಡುವವನು ಎಡಹೆಗಲಿಗೆ ಬಂದೂಕು ಏರಿಸುವವನು.

ಅವಳು ಅಂಗೈಯನ್ನು ಅಲ್ಲಿಂದ ತೆಗೆಯಲಿಲ್ಲ. ತೆಗೆದರೆ ಇನ್ಸ್‌ಪೆಕ್ಟರ್ ಕೈ ಅಲ್ಲಿಗೆ ಬರುತ್ತದೆ.

ಮದುವೆಯಾಗಿ ಬಂದಾಗ ಗಂಡ ಬಲಗೈಯವನು. ಅಪ್ಪ ಅವನಿಗೂ ಉಳಿ ಕೊಟ್ಟು ಕೆಲಸ ಕಲಿಸಿದ. ಮಗಳಿಗಿಂತ ಚುರುಕು ಎಂದು ಮಗಳೆದುರೇ ಹೇಳುತ್ತಿದ್ದ. ಮರದ ಮಿಲ್ಲಿನಲ್ಲಿ ಹಲಗೆ ಕೊಯ್ಸಲು ಹೋದ ದಿನ ಗರಗಸ ಅವನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟು ಉಳಿದದ್ದನ್ನು ಒಯ್ದಿತು. ಅಂದಿನಿಂದ ಅವನು ಉಳಿ ಮುಟ್ಟಿಲ್ಲ. ಆದರೆ ಚಮಚ, ರೇಜರ್, ಬೀಗದ ಕೈ, ಒಂದೊಂದೇ ಎಡಗೈಗೆ ಬಂದವು. ಅವಳು ಅದನ್ನು ದೇವರ ದಯೆಯೆಂದೇ ನೋಡುತ್ತ ಬಂದಿದ್ದಳು.

ಪರಿಹಾರ ಕೇಳಿ ಕೋರ್ಟಿಗೆ ಹೋದಾಗ ಮಿಲ್ಲಿನ ಪರ ನಿಂತ ಇದೇ ವಕೀಲರು ಎದ್ದು, “ಈತ ಕುಡಿದಿದ್ದ” ಎಂದಿದ್ದರು. ಗಂಡ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆ ಮಾತಿಗೆ ಕೋರ್ಟು ನಗಲಿಲ್ಲ, ನಂಬಿತು. ಹೋದ ವಾರ ಪೇಪರಿನಲ್ಲಿ ಕೊಲೆಯ ಸುದ್ದಿ ಬಂದಾಗ ಅವನೇ ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ. ಓದಿ ಮುಗಿಸಿ ಪೇಪರ್ ಮಡಚಿ, “ಗುಲಾಬಿಗೆ ನೀರು ಹಾಕ್ತಿದ್ರಂತೆ, ಪಾಪ” ಎಂದ. ಅಷ್ಟೇ.

ಇನ್ಸ್‌ಪೆಕ್ಟರಿಗೆ ಆ ಹಳೆಯ ಕೇಸು ಗೊತ್ತಿದ್ದಂತೆ ಕಾಣಲಿಲ್ಲ. ಹೇಳಬೇಕು. ಈಗಲೇ. ಹೇಳಿದರೆ? ಮಾತು ಬಿಸಿತುಪ್ಪವಾಗಿ ಬಾಯಲ್ಲಿ ನಿಂತಿತು; ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

“ಟೀ!” ಎನ್ನುತ್ತ ಗಂಡ ಇಳಿದು ಬಂದ. ತಟ್ಟೆ ಎಡ ಅಂಗೈಯ ಮೇಲೆ, ಬಲಗೈಯ ಹೆಬ್ಬೆರಳು ಅದರ ಅಂಚಿಗೆ. ಒಂದು ಲೋಟವೂ ತುಳುಕಿರಲಿಲ್ಲ. “ಸಾರ್, ಸಕ್ಕರೆ ಕಮ್ಮಿ ಹಾಕಿದೀನಿ. ನಮ್ಮ ಮಾವನಿಗೆ ಮಾತ್ರ ಜಾಸ್ತಿ. ಅವರಿಗೆ ಸಿಹಿ ಕಮ್ಮಿ ಆದ್ರೆ ಬೈಗುಳ ಜಾಸ್ತಿ ಆಗುತ್ತೆ.”

ಎಂದಿನಂತೆ ಮಾವ ತಿರುಗಿ ಏನಾದರೂ ಅನ್ನಬೇಕಿತ್ತು. ಅಪ್ಪ ಲೋಟ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

“ಬೆಲ್ಟ್ ಕೊಡೋಕೆ ನೀವೇ ಹೋಗಿದ್ರಂತೆ” ಎಂದರು ಇನ್ಸ್‌ಪೆಕ್ಟರ್.

“ಹೌದು ಸಾರ್. ಶೆಡ್ಡಲ್ಲೇ ಇದ್ರು, ಅಲ್ಲೇ ಕೊಟ್ಟೆ. ರೈಫಲ್ ಗೋಣಿಚೀಲದಲ್ಲಿ ಸುತ್ತಿ ಮೂಲೇಲಿ ನಿಲ್ಲಿಸಿದ್ರು. ಹೀಗಿಟ್ರೆ ಮರ ಸೊಟ್ಟಗಾಗುತ್ತೆ ಅಂತ ಹೇಳಿ ಬಂದೆ.”

“ನೀವೂ ಒಂದ್ಸಲ ಹಿಡೀತೀರಾ?”

ಗಂಡ ನಕ್ಕು ಬಲಗೈ ಎತ್ತಿ ತೋರಿಸಿದ. “ಕೊಡಿ ಸಾರ್. ಕುದುರೆ ಎಳೆಯೋಕೆ ಮಾತ್ರ ಬೆರಳು ನೀವೇ ಕೊಡಬೇಕು.”

ಬಲಹೆಗಲಿಗೇ ಇಟ್ಟ. ಉಳಿದೆರಡು ಬೆರಳಿಗೆ ಮರದ ಕುತ್ತಿಗೆ ನಿಲ್ಲದೆ ನಳಿಗೆ ನೆಲಕ್ಕೆ ವಾಲಿತು. ಇನ್ಸ್‌ಪೆಕ್ಟರ್ ಮುಜುಗರದಿಂದ ತಾವೇ ಮುಂದೆ ಬಂದು ಹಿಡಿದುಕೊಂಡರು. “ಬೇಡ ಬೇಡ, ಬಿಡಿ.” ಇನ್ನೊಂದು ಹೆಗಲಿಗೆ ಇಡಿ ಎಂದು ಅವರು ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಇನ್ಸ್‌ಪೆಕ್ಟರ್ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಹುಬ್ಬು ಗಂಟಿಕ್ಕಿ, “ಅಕ್ಕ, ಆ ಪಟ್ಟಿ ಮುಚ್ಚಿ ಕೊಟ್ಬಿಡಿ, ಲ್ಯಾಬಿಗೆ ಕಳಿಸ್ತೀನಿ” ಎಂದು ರೈಫಲ್ ಮೇಜಿನ ಮೇಲಿಟ್ಟು, ಷಟರ್ ಕೆಳಗೆ ಬಗ್ಗಿ ಬೀದಿಗೆ ಹೋದರು. ಅವರ ಬೂಟು ಹೊಸ್ತಿಲಾಚೆಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಒಳಗೆ ಮೂವರು.

ಅವಳು ಪಟ್ಟಿಗೆ ಕೈ ಹಾಕಲು ಹೋದಳು. ಬೆರಳು ಹೇಳಿದ ಮಾತು ಕೇಳಲಿಲ್ಲ.

“ಬಿಡೇ. ಕೈ ಎಷ್ಟು ನಡುಗ್ತಿದೆ ನೋಡು ನಿಂದು” ಎಂದ ಗಂಡ, ಜ್ವರ ಬಂದಾಗ ಹಣೆ ಮುಟ್ಟಿ ಹೇಳುವ ದನಿಯಲ್ಲಿ. “ಕೈಯೆಲ್ಲ ಮಸಿ ಬೇರೆ. ಹಿತ್ತಾಳೆ ಹಾಳಾಗುತ್ತೆ. ಸರಿ ಆಚೆ.”

“ರೀ, ನಾನೇ...”

“ಸರಿ ಅಂದ್ನಲ್ಲ.”

ಅವಳು ಸರಿದಳು.

ಅವನು ಚಿಂದಿಬಟ್ಟೆಯಿಂದ ಪಟ್ಟಿಯನ್ನು ಒಳಗೂ ಹೊರಗೂ ಒರೆಸಿದ. ಚಕ್ಕೆಯ ಮೇಲೆ ಇಟ್ಟ. ಮೇಲಿನ ಸ್ಕ್ರೂವನ್ನು ಬಲಗೈಯ ಎರಡು ಬೆರಳ ನಡುವೆ ಹಿಡಿದು ನಿಲ್ಲಿಸಿ, ಎಡಗೈಯಲ್ಲಿ ಸ್ಕ್ರೂಡ್ರೈವರ್ ತೆಗೆದುಕೊಂಡ. ತಡಕಾಟವಿಲ್ಲ, ಜಾರಾಟವಿಲ್ಲ. ನಡುಗುವವನ ಕೈಯಲ್ಲ, ಅಭ್ಯಾಸವಿರುವವನ ಕೈ.

ಸ್ಕ್ರೂ ಮರ ಕಚ್ಚುವ ಸದ್ದಿಗೆ ಅಪ್ಪ ತಲೆ ಎತ್ತಿದ.

“ಯಾರದು?” ಎಂದ. “ಸ್ಕ್ರೂ ತಿರುಗಿಸ್ತಿರೋದು ಯಾರು?”

ಎರಡನೆಯ ಸ್ಕ್ರೂ ಒಳಗಿಳಿಯಿತು. ಬಿಗಿಯಾಯಿತು. ಗಂಡ ಕೈ ತೆಗೆಯುವ ಮೊದಲು ಮಣಿಕಟ್ಟನ್ನು ಇನ್ನೊಂದು ಎಳ್ಳಷ್ಟು ತಿರುಗಿಸಿದ. ಗೀರು ನೇರ ನಿಂತಿತು. ಮೇಲಿನದಕ್ಕೆ ಹೋಗಿ ಅದನ್ನೂ ಎಳ್ಳಷ್ಟು ತಿರುಗಿಸಿದ. ಎರಡೂ ಒಂದೇ ಸಾಲಿಗೆ ಬಂದವು.

ತಾನೇನು ಮಾಡಿದೆ ಎಂದು ಅವನಿಗೆ ಆಮೇಲೆ ಹೊಳೆಯಿತು. ಸ್ಕ್ರೂಗಳನ್ನು ನೋಡಿದ. ಅವಳನ್ನು ನೋಡಿದ. ಅವಳು ಸ್ಕ್ರೂಗಳನ್ನು ನೋಡುತ್ತಿದ್ದಳು.

“ಏನೇ?” ಎಂದ.

“ಏನಿಲ್ಲ.”

“ಟೀ ಆರುತ್ತೆ, ಕುಡಿ.”

ಕಂಪಾಸಿನ ಮುಳ್ಳಿನಂಥ ಆ ಎರಡು ಗೀರುಗಳು ಯಾರನ್ನು ತೋರಿಸುತ್ತಿವೆ ಎಂದು ಮೂವರಿಗೂ ಗೊತ್ತಿತ್ತು. ಅವಳ ಹಿಂದೆ ಗೋಡೆ, ಬಲಕ್ಕೆ ಅಪ್ಪ, ಎಡಕ್ಕೆ ಅವನು. ಬಾಗಿಲಿಗೆ ಹೋಗಬೇಕಾದರೆ ಅವನ ಪಕ್ಕದಿಂದಲೇ ಹೋಗಬೇಕು. ಹನ್ನೆರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡವನ ಪಕ್ಕದಿಂದ ಹಾದುಹೋಗಲು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಷಟರ್ ಸದ್ದಾಯಿತು. ಬೋಲ್ಟು ಬೀಗದ ಕೈಗೆ ತಾಗುತ್ತ ಒಳಗೆ ಬಂತು.

“ಮುಚ್ಚಿದ್ರಾ? ಒಳ್ಳೇದಾಯ್ತು.” ಇನ್ಸ್‌ಪೆಕ್ಟರ್ ರೈಫಲ್ ಎತ್ತಿಕೊಂಡರು. ಅವಳು ಬೆಳಕಿಗೆ ಅಡ್ಡ ನಿಲ್ಲಲು ನೋಡಿದಳು. ಅವರು ಅದನ್ನು ಬಾಗಿಲ ಬಿಸಿಲಿಗೇ ಹಿಡಿದರು. ಪಟ್ಟಿಯ ಮೇಲೆ ಅವರ ಹೆಬ್ಬೆರಳು ಒಂದು ಗೀರಿನಿಂದ ಇನ್ನೊಂದು ಗೀರಿಗೆ ಇಳಿದು ಬಂತು.

“ಸಾಲು ಸರಿಯಾಗಿದೆ” ಎಂದರು. “ಯಾರು ಹಾಕಿದ್ದು?”

ಅಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಅವಳೇ ಹೇಳಿದಳು.

“ನಾನೇ.”

ಇನ್ಸ್‌ಪೆಕ್ಟರ್ ತಲೆಯಾಡಿಸಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ನಿಂತರು. ತಿರುಗಿದರು.

“ಕೈ ತೋರ್ಸಿ ಅಕ್ಕ.”

ಅವಳ ಹತ್ತೂ ಬೆರಳು ಮಸಿಯಲ್ಲಿ ಅದ್ದಿದಂತಿದ್ದವು. ಹಿತ್ತಾಳೆ ಪಟ್ಟಿಯ ಮೇಲೆ ಒಂದು ಕಪ್ಪು ಕಲೆಯೂ ಇರಲಿಲ್ಲ.

ಅವಳ ಬೆನ್ನ ಹಿಂದೆ, ಗಂಡ ಸ್ಕ್ರೂಡ್ರೈವರನ್ನು ಇನ್ನೂ ಕೆಳಗಿಟ್ಟಿರಲಿಲ್ಲ.